‘ಜರ್ಕ್’ ಎಂಬ ಪದದ ಬಳಕೆ

ಹಠಾತ್ತಾದ ಚಲನೆಯನ್ನು ಸೂಚಿಸಲು ಇಂಗ್ಲಿಷಿನಲ್ಲಿ ‘ಜರ್ಕ್’ ಎಂಬ ಪದವುಂಟು. ಬಸ್ಸು ಗಕ್ಕನೆ ನಿಂತಾಗ ‘ದಿ ಬಸ್ ಸ್ಟಾಪ್ಡ್ ವಿತ್ ಎ ಜರ್ಕ್’ ಎಂದು ಬರೆಯುತ್ತೇವೆ. ನಮ್ಮ ಇಚ್ಛೆಯಿಲ್ಲದೆಯೇ ಕಾಲು ಚಿಮ್ಮಿದರೂ ಅದೇ ಪದ. ವಿಜ್ಞಾನದ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಬರೆಯುವಾಗ ಇದನ್ನು ಹೇಗೆ ಬಳಸಬೇಕೆಂಬುದನ್ನು ವಿಚಾರ ಮಾಡೋಣ.

ಮೊದಲು ಇದರ ಸಮೀಪದ ಪದಗಳನ್ನು ಬೇರ್ಪಡಿಸಿಕೊಳ್ಳೋಣ. ಕಣ್ಣಿನ ರೆಪ್ಪೆ ಅದುರುವಂತಹ ಚಿಕ್ಕ ಚಲನೆ ‘ಟ್ವಿಚ್’. ಸ್ನಾಯು ಬಿಗಿದು ಹಿಡಿದುಕೊಳ್ಳುವುದು ‘ಸ್ಪ್ಯಾಸಂ’. ಸದ್ದಿಗೆ ಬೆಚ್ಚಿಬೀಳುವುದು ‘ಸ್ಟಾರ್ಟ್’. ಅಂಗವೊಂದು ಥಟ್ಟನೆ ಚಿಮ್ಮಿದರೆ ಅದು ‘ಜರ್ಕ್’. ಆದರೆ ಹಗ್ಗವನ್ನು ಬೇಕೆಂದೇ ಜಗ್ಗುವುದಕ್ಕೂ ಈ ಪದ ಸಲ್ಲುತ್ತದೆ. ಆದುದರಿಂದ ಚಲನೆ ಅನೈಚ್ಛಿಕವೆಂಬುದು ಸಂದರ್ಭದಿಂದ ಸ್ಪಷ್ಟವಾಗದಿದ್ದಲ್ಲಿ ‘ಇನ್‌ವಾಲಂಟರಿ’ ಎಂಬ ವಿಶೇಷಣವನ್ನು ಸೇರಿಸಬೇಕು.

ಹೆಸರಿಡುವುದರಲ್ಲಿ ಎಷ್ಟು ಎಚ್ಚರ ಬೇಕೆಂಬುದಕ್ಕೆ ಒಂದು ನಿದರ್ಶನವಿದೆ. ಮಂಡಿಚಿಪ್ಪಿನ ಕೆಳಗೆ ಮೆಲ್ಲನೆ ತಟ್ಟಿದರೆ ಇಳಿಬಿಟ್ಟ ಕಾಲು ಮುಂದಕ್ಕೆ ಚಿಮ್ಮುತ್ತದೆ. 1875ರಲ್ಲಿ ಜರ್ಮನಿಯ ಇಬ್ಬರು ವೈದ್ಯರು ಇದನ್ನು ಬೇರೆ ಬೇರೆಯಾಗಿ ವರ್ಣಿಸಿದರು. ಕಾರ್ಲ್ ವೆಸ್ಟ್‌ಫಾಲ್ ಇದನ್ನು ‘ಮಂಡಿಯ ವಿದ್ಯಮಾನ’ವೆಂದಷ್ಟೇ ಕರೆದನು, ಸ್ನಾಯುವೇ ನೇರವಾಗಿ ಪ್ರತಿಕ್ರಿಯೆ ತೋರುತ್ತದೆಂದು ಅವನ ಎಣಿಕೆ. ವಿಲ್‌ಹೆಲ್ಮ್ ಎರ್ಬ್ ಇಟ್ಟ ಹೆಸರಿನಲ್ಲಿ ಪರಾವರ್ತಿತ ಕ್ರಿಯೆಯೆಂಬ ಕಾರಣವೂ ಅಡಗಿತ್ತು. ಎರ್ಬನ ಮಾತೇ ನಿಜವಾಯಿತು. ತಟ್ಟಿದಾಗ ತೊಡೆಯ ಸ್ನಾಯು ಹಿಗ್ಗುತ್ತದೆ. ಆ ಸುದ್ದಿ ನರದ ಮೂಲಕ ಬೆನ್ನುಹುರಿಗೆ ಹೋಗಿ, ಮಿದುಳಿನ ಅಪ್ಪಣೆಗೆ ಕಾಯದೆ ಹಿಂದಿರುಗುತ್ತದೆ. ಸ್ನಾಯು ಸಂಕುಚಿಸತೊಡಗಲು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗವೂ ಬೇಡ. ಇಂಗ್ಲಿಷಿನ ‘ನೀ ಜರ್ಕ್’ ಎಂಬ ಹೆಸರು ಮಾತ್ರ ಕಾರಣವನ್ನು ಹೇಳದೆ, ಕಣ್ಣಿಗೆ ಕಂಡ ಚಲನೆಯನ್ನಷ್ಟೇ ಹೇಳುತ್ತದೆ. ವಿವೇಚಿಸದೆ ಕೊಡುವ ಉತ್ತರವನ್ನು ‘ನೀ-ಜರ್ಕ್ ರಿಯಾಕ್ಷನ್’ ಎನ್ನುವುದು ಇದರಿಂದಲೇ.

ಭೌತಶಾಸ್ತ್ರದಲ್ಲಾದರೋ ‘ಜರ್ಕ್’ ಎಂದರೆ ವೇಗೋತ್ಕರ್ಷ ಬದಲಾಗುವ ದರ. ಇದರ ಮಾನ ಮೀ/ಸೆ³. ತಡೆಯಿಲ್ಲದೆ ಬೀಳುವ ಕಲ್ಲಿನ ವೇಗ ಏರುತ್ತಲೇ ಇದ್ದರೂ ಅದರ ವೇಗೋತ್ಕರ್ಷ ಸ್ಥಿರವಾದುದರಿಂದ ಜರ್ಕ್ ಸೊನ್ನೆ! ಬ್ರೇಕು ಹಾಕಿದ ಬಸ್ಸಿನ ವೇಗ ಪ್ರತಿ ಸೆಕೆಂಡಿಗೆ 2 ಮೀ/ಸೆ ನಂತೆ ಒಂದೇ ಸಮನೆ ಕುಗ್ಗುತ್ತಿರುವಾಗಲೂ ಹಾಗೆಯೇ. ಬಸ್ಸು ನಿಲ್ಲುವಾಗ ಆ ಕುಗ್ಗುವಿಕೆ 0.1 ಸೆಕೆಂಡಿನಲ್ಲಿ ಇಲ್ಲವಾದರೆ ಸರಾಸರಿ ಜರ್ಕ್ 20 ಮೀ/ಸೆ³ ಆಗುತ್ತದೆ. ಮುಂದಕ್ಕೆ ಬೀಳದಂತೆ ಬಿಗಿಹಿಡಿದಿದ್ದ ನಮ್ಮ ದೇಹ ಆಗ ಹಿಂದಕ್ಕೆ ಜೋಲುತ್ತದೆ.

ಆದ್ದರಿಂದ ಪ್ರಯೋಗದ ವರದಿಯಲ್ಲಿ ಪ್ರತಿಯೊಂದು ಹಠಾತ್ ಚಲನೆಯನ್ನೂ ‘ಜರ್ಕ್’ ಎನ್ನಲಾಗದು. ಮನುಷ್ಯನಿಗೆ ಅನ್ವಯಿಸಿದರಂತೂ ಅದು ಬೈಗುಳವೇ ಆಗುತ್ತದೆ! ಇನ್ನು ಲಿಫ್ಟು ಹೊರಟು ನಿಲ್ಲುವವರೆಗೆ ಎಲ್ಲೆಲ್ಲಿ ಜರ್ಕ್ ಉಂಟಾಗುತ್ತದೆಂಬುದನ್ನು ಓದುಗರೇ ಯೋಚಿಸಲಿ.