ಆರು ರನ್ನಿನ ದೂರ: ಊರಿನ ತಂಡಗಳು ಕಲಿಸಿದ ಪಾಠಗಳು

2008ರ ಏಪ್ರಿಲ್ 18ರ ರಾತ್ರಿ ನಾನು ಮತ್ತು ನನ್ನ ತಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿದ್ದೆವು. ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತಾದ ಬ್ರೆಂಡನ್ ಮೆಕಲಮ್ ಒಬ್ಬರೇ 158 ರನ್ ಹೊಡೆದರು. ನಮ್ಮ ಆರ್‌ಸಿಬಿಯವರು ಎಲ್ಲರೂ ಸೇರಿ ಹೊಡೆದದ್ದು 82. ಬಸ್ಸಿಗೆ ಕಾಯುವಾಗ ತಮ್ಮನಿಗೆ ಹೇಳಿದೆ, "ಇವತ್ತೊಂದಿನ ಹಿಂಗಾಯ್ತು ಬಿಡು, ಈ ಸಲ ಕಪ್ ತಂದೇ ತರ್ತಾರೆ." ಆ ಕಪ್ ಬರಲು 17 ವರ್ಷ ಬೇಕಾಯಿತು.

ಹೊಟ್ಟೆಪಾಡಿಗೆ ನಾನು ಅಂಗಡಿಗಳ ಲೆಕ್ಕಪತ್ರ ಬರೆಯುವವನು. ಕ್ರಿಕೆಟ್ಟಾಗಲಿ, ಫುಟ್‌ಬಾಲಾಗಲಿ ಗಲ್ಲಿಯಾಚೆ ಆಡಿದವನಲ್ಲ. ನೋಡಿದ್ದು ಮಾತ್ರ ಬಹಳ, ಅದರಲ್ಲೂ ಸೋಲನ್ನು. ಆ ವರ್ಷಗಳಲ್ಲಿ ತಂಡಗಳು ಎಷ್ಟು ತಪ್ಪು ಮಾಡಿದವೋ, ಅಭಿಮಾನಿಯಾಗಿ ನಾನೂ ಅಷ್ಟೇ ಮಾಡಿದೆ. ಅವನ್ನಿಲ್ಲಿ ಬರೆದಿಟ್ಟಿದ್ದೇನೆ.

1. ಸೋಲನ್ನು ಹಣೆಬರಹಕ್ಕೆ ಕಟ್ಟಬಾರದು

2009ರ ಮೇ 24. ಜೊಹಾನ್ಸ್‌ಬರ್ಗ್‌ನಲ್ಲಿ ಐಪಿಎಲ್ ಫೈನಲ್. ಅನಿಲ್ ಕುಂಬ್ಳೆ ಮೊದಲ ಓವರಿನಲ್ಲೇ ಗಿಲ್‌ಕ್ರಿಸ್ಟ್ ಅವರನ್ನು ಔಟ್ ಮಾಡಿ, ಒಟ್ಟು 16 ರನ್ನಿಗೆ 4 ವಿಕೆಟ್ ತೆಗೆದರು. ಡೆಕ್ಕನ್ ಚಾರ್ಜರ್ಸ್ ಹೊಡೆದದ್ದು 143. ನಾವು 137ಕ್ಕೆ ನಿಂತೆವು. ಆರು ರನ್ನಿನ ಸೋಲು. ಎಂಟು ತಿಂಗಳು ಕಳೆದು, 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಮುಂಬೈ ವಿರುದ್ಧ ರಣಜಿ ಫೈನಲ್. ರಜೆ ಹಾಕಿ ಅಕ್ಕನ ಮನೆಗೆ ಹೋಗಿ, ಕೊನೆಯ ದಿನದ ಆಟ ನೋಡಿದೆ. 338ರ ಗುರಿ. ಮನೀಷ್ ಪಾಂಡೆ 144 ಹೊಡೆದರು. ಕರ್ನಾಟಕ 331ಕ್ಕೆ ಆಲೌಟ್. ಮತ್ತೆ ಆರು ರನ್.

ಅಲ್ಲಿಂದ ನನಗೆ ಗೀಳು ಹಿಡಿಯಿತು. ಒಂದೇ ಅಂಗಿ ಹಾಕಿಕೊಂಡು ಪಂದ್ಯ ನೋಡಿದೆ. ವಿಕೆಟ್ ಬೀಳದೆ ಆಟ ಸಾಗುತ್ತಿದ್ದರೆ ಅಮ್ಮನನ್ನು ಕೂತ ಜಾಗದಿಂದ ಏಳಲು ಬಿಡಲಿಲ್ಲ. ಮಂಡಿನೋವಿನ ಅಮ್ಮ ಗಂಟೆಗಟ್ಟಲೆ ಹಾಗೇ ಕೂತಿರುತ್ತಿದ್ದರು. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಎಷ್ಟೋ ವರ್ಷದ ಮೇಲೆ ಮೈಸೂರಿನ ಆ ಸ್ಕೋರ್‌ಕಾರ್ಡನ್ನು ಅಂಗಡಿಯ ಖಾತೆ ನೋಡುವ ಹಾಗೆ ನೋಡಿದೆ. ಮೊದಲ ಇನಿಂಗ್ಸ್‌ನಲ್ಲಿ ಮುಂಬೈ 233, ನಾವು 130. ನಾನು ಊರು ಬಿಡುವ ಮೊದಲೇ 103 ರನ್ನಿನ ಸಾಲ ತಲೆ ಮೇಲಿತ್ತು. ಸೋತದ್ದು ಕೊನೆಯ ಚೆಂಡಿನಲ್ಲಲ್ಲ. ಸೋಲಿಗೆ ಕಾರಣ ಇದ್ದೇ ಇರುತ್ತದೆ, ಹಣೆಬರಹ ಅಂದುಬಿಟ್ಟರೆ ಅದನ್ನು ಹುಡುಕುವ ಕೆಲಸ ನಿಂತುಹೋಗುತ್ತದೆ.

2. ಬ್ಯಾಟಿಗೆ ಮರುಳಾದವನಿಗೆ ಬೌಲಿಂಗಿನ ತೂತು ಕಾಣುವುದಿಲ್ಲ

2013ರ ಏಪ್ರಿಲ್ 23ರಂದು ಕ್ರಿಸ್ ಗೇಲ್ ಪುಣೆ ವಿರುದ್ಧ ಔಟಾಗದೆ 175 ಹೊಡೆದರು, ತಂಡ 263 ಮಾಡಿತು. ಆ ರಾತ್ರಿ ನಮ್ಮ ಬೀದಿಯಲ್ಲಿ ಪಟಾಕಿ ಹಚ್ಚಿದವರಲ್ಲಿ ನಾನೂ ಒಬ್ಬ. ಆ ವರ್ಷ ನಾವು ಪ್ಲೇಆಫ್‌ಗೇ ಹೋಗಲಿಲ್ಲ. ಅದನ್ನು ನಾನು ಮರೆತೇಬಿಟ್ಟೆ, 175 ಮಾತ್ರ ನೆನಪಿಟ್ಟುಕೊಂಡೆ.

2016ರಲ್ಲಿ ವಿರಾಟ್ ಕೊಹ್ಲಿ ಒಂದೇ ಸೀಸನ್‌ನಲ್ಲಿ 973 ರನ್ ಹೊಡೆದರು, ನಾಲ್ಕು ಶತಕ. ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲೇ. ಹೈದರಾಬಾದ್ 208 ಹೊಡೆಯಿತು, ಕೊನೆಯ ಓವರ್ ಒಂದರಲ್ಲೇ 24 ರನ್ ಹೋಯಿತು. ನಾವು ಬೆನ್ನಟ್ಟುವಾಗ ಮೊದಲ ವಿಕೆಟ್ ಬಿದ್ದದ್ದೇ 114ಕ್ಕೆ. ಆದರೂ ಎಂಟು ರನ್ನಿನಿಂದ ಸೋತೆವು. ಮಧ್ಯಮ ಕ್ರಮಾಂಕದವರು ಕೈಕೊಟ್ಟರು ಎಂದು ವರ್ಷಗಟ್ಟಲೆ ವಾದಿಸಿದೆ. ಬೌಂಡರಿ ಹತ್ತಿರವಿರುವ, ಚೆಂಡು ಹಗುರವಾಗಿ ಹಾರುವ ನಮ್ಮ ಮೈದಾನಕ್ಕೆ ಎಂಥ ಬೌಲರ್‌ಗಳು ಬೇಕು ಎಂದು ಒಂದು ಸಲವೂ ಕೇಳಲಿಲ್ಲ. 2024ರ ಏಪ್ರಿಲ್‌ನಲ್ಲಿ ಅದೇ ಮೈದಾನದಲ್ಲಿ ಹೈದರಾಬಾದ್ 287 ಹೊಡೆಯಿತು. ನಾವು 262 ಹೊಡೆದೂ ಸೋತೆವು. ತೂತು ಇರುವುದು ಬೌಲಿಂಗಿನಲ್ಲಿ ಎಂದು ಆ ರಾತ್ರಿ ನನಗೆ ಅರ್ಥವಾಯಿತು. ಬರುವ ದುಡ್ಡು ಎಷ್ಟೇ ಇರಲಿ, ಹೋಗುವ ದುಡ್ಡಿಗೆ ಕಡಿವಾಣವಿಲ್ಲದ ಅಂಗಡಿ ಉಳಿಯುವುದಿಲ್ಲ ಅಂತ ನಾನೇ ಎಷ್ಟು ಜನಕ್ಕೆ ಹೇಳಿದ್ದೇನೆ!

3. ಬಂದವರನ್ನು ಎಣಿಸುವಾಗ ಹೋದವರನ್ನೂ ಎಣಿಸಬೇಕು

ಹರಾಜಿನ ದಿನ ನನಗೆ ಹಬ್ಬ. 2014ರಲ್ಲಿ ಯುವರಾಜ್ ಸಿಂಗ್ ಅವರಿಗೆ 14 ಕೋಟಿ ಕೊಟ್ಟಾಗ ಕಚೇರಿಯಲ್ಲಿ ಸಿಹಿ ಹಂಚಿದ್ದೆ. ಯಾರು ಬಿಟ್ಟುಹೋದರು ಎಂಬ ಪಟ್ಟಿಯನ್ನು ಮಾತ್ರ ಓದುತ್ತಿರಲಿಲ್ಲ. ನಮ್ಮ ಪರ ಅತಿ ಹೆಚ್ಚು ವಿಕೆಟ್ ತೆಗೆದ ಯುಜುವೇಂದ್ರ ಚಾಹಲ್ 2022ರಲ್ಲಿ ರಾಜಸ್ಥಾನಕ್ಕೆ ಹೋದರು. ಆ ವರ್ಷವೇ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಗೆದ್ದರು. ಕಬಡ್ಡಿಯಲ್ಲೂ ಅದೇ ಕಥೆ. 2019ರ ಜನವರಿ 5ರ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗಳಿಸಿದ 38 ಅಂಕಗಳಲ್ಲಿ 22 ಪವನ್ ಸೆಹ್ರಾವತ್ ಒಬ್ಬರದೇ. ಮುಂದೆ ಅವರೂ ತಂಡದಲ್ಲಿ ಉಳಿಯಲಿಲ್ಲ. 2024ರ ಸೀಸನ್‌ನಲ್ಲಿ ಬುಲ್ಸ್ 22 ಪಂದ್ಯ ಆಡಿ ಗೆದ್ದದ್ದು ಎರಡು. ತಂಡ ಕಟ್ಟುವುದೆಂದರೆ ಕೊಳ್ಳುವುದಷ್ಟೇ ಅಲ್ಲ, ಇರುವವರನ್ನು ಉಳಿಸಿಕೊಳ್ಳುವುದೂ ಹೌದು.

4. ಹೆಸರು ಊರಿನದಾದರೆ ಸಾಲದು

2014ರ ಐಪಿಎಲ್ ಫೈನಲ್ ನಮ್ಮ ಊರಲ್ಲೇ ನಡೆಯಿತು, ನಮ್ಮ ತಂಡವಿಲ್ಲದೆ. ಮನೀಷ್ ಪಾಂಡೆ 94 ರನ್ ಹೊಡೆದು ಕಪ್ ಗೆಲ್ಲಿಸಿಕೊಟ್ಟದ್ದು ಕೋಲ್ಕತ್ತಾಗೆ. ಆ ಸೀಸನ್‌ನಲ್ಲಿ ಎಲ್ಲರಿಗಿಂತ ಹೆಚ್ಚು ರನ್ ಹೊಡೆದ, ನಮ್ಮವರೇ ಆದ ರಾಬಿನ್ ಉತ್ತಪ್ಪ ಕೂಡ ಅದೇ ತಂಡದಲ್ಲಿದ್ದರು. 2009ರಲ್ಲಿ ಐಪಿಎಲ್ ಶತಕ ಹೊಡೆದ ಮೊದಲ ಭಾರತೀಯ ಇದೇ ಪಾಂಡೆ, ಆರ್‌ಸಿಬಿ ಅಂಗಿಯಲ್ಲಿ. ಆ ಫೈನಲ್ ದಿನ ಗ್ಯಾಲರಿಯಲ್ಲಿ ಯಾರಿಗೆ ಚಪ್ಪಾಳೆ ತಟ್ಟಬೇಕೆಂದು ತಿಳಿಯದೆ ಕೈಕಟ್ಟಿ ಕೂತೆ. ಅದು ನನ್ನ ತಪ್ಪು. ಅದೇ ಹೊತ್ತಿಗೆ ಕರ್ನಾಟಕ ತಂಡ 2013–14ರ ರಣಜಿ ಟ್ರೋಫಿ ಗೆದ್ದಿತ್ತು, ಮುಂದಿನ ವರ್ಷವೂ ಗೆದ್ದಿತು. ನಾನು ಆ ಎರಡು ವರ್ಷ ಒಂದು ರಣಜಿ ಪಂದ್ಯಕ್ಕೂ ಹೋಗಲಿಲ್ಲ. ಊರಿನ ಹುಡುಗರು ಗೆಲ್ಲುತ್ತಿದ್ದಾಗ ಊರಿನ ಹೆಸರು ಸೋತಿತೆಂದು ಅಳುತ್ತಿದ್ದೆ.

5. ಒಬ್ಬನ ತಲೆಗೆ ಸೋಲು ಕಟ್ಟಬಾರದು

ಈ ಪಾಠ ಕಲಿಸಿದ್ದು ನನ್ನ ಮಗಳು. 2016ರ ಫೈನಲ್ ಮುಗಿದ ರಾತ್ರಿ ಟಿವಿ ಮುಂದೆ ನಿಂತು ಒಬ್ಬ ಆಟಗಾರನನ್ನು ಬಾಯಿಗೆ ಬಂದಂತೆ ಬೈದಿದ್ದೆ. ಆಗವಳಿಗೆ ಒಂಬತ್ತು ವರ್ಷ, ಪಕ್ಕದಲ್ಲೇ ಕೂತಿದ್ದಳು. ಮುಂದಿನ ವರ್ಷ ಶಾಲೆಯ ಥ್ರೋಬಾಲ್ ಪಂದ್ಯದಲ್ಲಿ ಕೊನೆಯ ಚೆಂಡು ಅವಳ ಕೈಯಿಂದ ಜಾರಿ ತಂಡ ಸೋತಿತು. ಕರೆತರಲು ಹೋದರೆ ಗೇಟಿನ ಹೊರಗೆ ಬರಲು ಒಲ್ಲಳು. ಕೊನೆಗೆ ಬಂದವಳು ಕೇಳಿದ್ದು ಒಂದೇ ಮಾತು: "ಅಪ್ಪಾ, ನಂಗೂ ಹಂಗೇ ಬೈತೀಯಾ?"

ನನಗೆ ಉತ್ತರ ಹೊಳೆಯಲಿಲ್ಲ. ಅವತ್ತಿನಿಂದ ಆಟವನ್ನು ಬೈಯುತ್ತೇನೆ, ಆಟಗಾರನನ್ನು ಬೈಯುವುದಿಲ್ಲ. ಆ ಹುಡುಗನಿಗೂ ಮನೆಯಿದೆ, ಅಪ್ಪ ಅಮ್ಮ ಇದ್ದಾರೆ. ಹನ್ನೊಂದು ಜನ ಮಾಡಿದ ಸೋಲನ್ನು ಒಬ್ಬನ ಮೇಲೆ ಹೇರಿದರೆ ಉಳಿದ ಹತ್ತು ಜನರ ತಪ್ಪು, ತಂಡ ಕಟ್ಟಿದವರ ತಪ್ಪು ಎಲ್ಲವೂ ಮರೆಯಾಗುತ್ತದೆ.

6. ಸೋತ ತಂಡ ತಿದ್ದಿಕೊಳ್ಳುವಾಗ ಎದ್ದುಹೋಗಬಾರದು

2018ರ ಮಾರ್ಚ್ 17, ಕಂಠೀರವ ಕ್ರೀಡಾಂಗಣ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡಕ್ಕೆ ಅದು ಮೊದಲ ಐಎಸ್‌ಎಲ್ ಸೀಸನ್. ಲೀಗ್‌ನಲ್ಲಿ 40 ಅಂಕ ಗಳಿಸಿ ಎರಡನೇ ತಂಡಕ್ಕಿಂತ ಎಂಟು ಅಂಕ ಮುಂದಿದ್ದೆವು. ಫೈನಲ್‌ನಲ್ಲಿ ಒಂಬತ್ತನೇ ನಿಮಿಷಕ್ಕೇ ಸುನಿಲ್ ಛೆಟ್ರಿ ಗೋಲು ಹೊಡೆದರು, ಗ್ಯಾಲರಿ ಕುಣಿಯಿತು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಸಲ ಕಾರ್ನರ್ ಚೆಂಡಿಗೆ ತಲೆಕೊಟ್ಟು ಗೋಲು ಮಾಡಿದರು. 3–2ರ ಸೋಲು. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಶಪಥ ಮಾಡಿ ಬಂದೆ, ಮುಂದಿನ ಸೀಸನ್ ಪೂರ್ತಿ ಹೋಗಲೇ ಇಲ್ಲ.

ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ ಫೈನಲ್. 117ನೇ ನಿಮಿಷದಲ್ಲಿ ಕಾರ್ನರ್ ಚೆಂಡಿಗೆ ರಾಹುಲ್ ಭೇಕೆ ತಲೆಕೊಟ್ಟರು. 1–0, ಕಪ್ ನಮ್ಮದು. ಯಾವ ಕಾರ್ನರ್ ಕಿಕ್ ಹಿಂದಿನ ವರ್ಷ ಮುಳುಗಿಸಿತ್ತೋ ಅದೇ ಈ ಸಲ ದಡ ಸೇರಿಸಿತು. ಸೋಲನ್ನು ಕಣ್ಣಾರೆ ಕಂಡ ನಾನು ಗೆಲುವಿನ ಸುದ್ದಿಯನ್ನು ಮಾರನೇ ದಿನ ಪೇಪರಿನಲ್ಲಿ ಓದಿದೆ.

7. ನಾವು ನೋಡದ ಕಡೆಯೂ ನಮ್ಮ ತಂಡ ಆಡುತ್ತಿರುತ್ತದೆ

2023ರಲ್ಲಿ ಮಹಿಳೆಯರ ಕ್ರಿಕೆಟ್ ಲೀಗ್ ಡಬ್ಲ್ಯುಪಿಎಲ್ ಶುರುವಾದಾಗ ನಮ್ಮ ಹೆಣ್ಣುಮಕ್ಕಳು ಮೊದಲ ಐದು ಪಂದ್ಯಗಳನ್ನೂ ಸೋತರು. ನಾನು ಟಿವಿ ಆರಿಸಿದೆ. ಗಂಡಸರ ತಂಡಕ್ಕೆ ಹದಿನೈದು ವರ್ಷ ಕೊಟ್ಟವನು ಅವರಿಗೆ ಎರಡು ವಾರ ಕೊಡಲಿಲ್ಲ. ಮಗಳು ಮಾತ್ರ ಬಿಡದೆ ನೋಡಿದಳು. 2024ರ ಮಾರ್ಚ್ 17ರ ರಾತ್ರಿ, ಫೈನಲ್ ನಡೆಯುವಾಗ, ಅಡುಗೆಮನೆಯಲ್ಲಿದ್ದವನನ್ನು ಕೂಗಿ ಕರೆದಳು. ವಿಕೆಟ್ ನಷ್ಟವಿಲ್ಲದೆ 64 ಮಾಡಿದ್ದ ದೆಹಲಿ 113ಕ್ಕೆ ಆಲೌಟ್. ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್. ಸ್ಮೃತಿ ಮಂಧಾನ ನಾಯಕತ್ವದಲ್ಲಿ ಆರ್‌ಸಿಬಿ ಹೆಸರಿಗೆ ಮೊದಲ ಕಪ್ ಬಂತು. ಅದು ಮಗಳು ಕಾದು ಗಳಿಸಿದ ಸಂತೋಷ. ಅದರಲ್ಲಿ ನನಗೂ ಒಂದು ಪಾಲು ಕೊಟ್ಟಳು.

8. ಗೆಲುವನ್ನು ತಡೆದುಕೊಳ್ಳುವುದನ್ನೂ ಕಲಿಯಬೇಕು

2025ರಲ್ಲಿ ಗಂಡಸರ ತಂಡಕ್ಕೆ ಜೋಶ್ ಹೇಜಲ್‌ವುಡ್, ಭುವನೇಶ್ವರ್ ಕುಮಾರ್, ಕೃಣಾಲ್ ಪಾಂಡ್ಯ ಬಂದರು. ಲೀಗ್‌ನಲ್ಲಿ ಹೊರಗಿನ ಏಳೂ ಪಂದ್ಯ ಗೆದ್ದೆವು. ಜೂನ್ 3ರಂದು ಅಹಮದಾಬಾದ್ ಫೈನಲ್‌ನಲ್ಲಿ ನಮ್ಮವರು ಯಾರೂ ಅರ್ಧಶತಕ ಹೊಡೆಯಲಿಲ್ಲ, ಕೊಹ್ಲಿಯವರ 43 ರನ್ನೇ ದೊಡ್ಡದು. 190 ರನ್ ಕಾಯ್ದುಕೊಟ್ಟದ್ದು ಬೌಲರ್‌ಗಳು. ಕೃಣಾಲ್ 17ಕ್ಕೆ 2 ವಿಕೆಟ್. ಪಂಜಾಬ್ 184. ಗೆಲುವಿನ ಅಂತರ ಆರು ರನ್. ತಮ್ಮ ಫೋನಿನಲ್ಲಿ ಅಳುತ್ತಿದ್ದ, ನಾನೂ ಅತ್ತೆ.

ಮಾರನೇ ದಿನ ಮಗಳನ್ನು ಕರೆದುಕೊಂಡು ಚಿನ್ನಸ್ವಾಮಿಗೆ ಹೊರಟೆ. ಮೆಜೆಸ್ಟಿಕ್ ಮೆಟ್ರೊದ ನೂಕುನುಗ್ಗಲಿನಲ್ಲಿ ಅವಳ ಕೈ ನನ್ನ ಕೈಯಿಂದ ಎರಡು ಸಲ ತಪ್ಪಿತು. ಎರಡನೇ ಸಲ ಹೆದರಿ ವಾಪಸ್ ಬಂದೆವು. ಮನೆಗೆ ಬಂದು ಟಿವಿ ಹಾಕಿದರೆ ಕ್ರೀಡಾಂಗಣದ ಹೊರಗೆ ಕಾಲ್ತುಳಿತ. ನಮ್ಮ ಹಾಗೇ ಕಪ್ ನೋಡಲು ಹೊರಟಿದ್ದ 11 ಜನ ಮನೆಗೆ ಮರಳಲಿಲ್ಲ. ಅಷ್ಟು ವರ್ಷ ಸೋಲನ್ನು ಸಂಕಟ ಎಂದು ಕರೆದಿದ್ದೆ. ಆ ಮಾತನ್ನು ಈಗ ಕ್ರಿಕೆಟ್ಟಿಗೆ ಬಳಸುವುದಿಲ್ಲ.

ತಂಡ ಸೋತರೆ ಸಿಟ್ಟು ಮಾಡಿಕೊಳ್ಳಿ, ಅದು ನಿಮ್ಮ ಹಕ್ಕು. ತಂಡ ಕಟ್ಟಿದವರನ್ನು ಲೆಕ್ಕ ಕೇಳಿ, ಟಿಕೆಟ್ ಮಾರುವವರನ್ನು ಸುರಕ್ಷತೆಯ ಬಗ್ಗೆ ಕೇಳಿ. ಆದರೆ ಗೆದ್ದ ದಿನವೂ, ಸೋತ ದಿನವೂ, ಜೊತೆಗೆ ಬಂದವರ ಕೈ ಹಿಡಿದುಕೊಂಡೇ ಮನೆ ಸೇರಿ.