ಒಡೆದದ್ದು ಟಚ್ಚೋ, ಡಿಸ್ಪ್ಲೇಯೋ?

2021ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ತನ್ನ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಶುರು ಮಾಡಿತು. ಕೊರೊನಾದಿಂದ ಕಾಲೇಜು ಮುಚ್ಚಿ, ಪಾಠವೆಲ್ಲ ಆನ್‌ಲೈನ್ ಆಗಿದ್ದ ಕಾಲ. ಆಗ ಟ್ಯಾಬ್ ಪಡೆದ ಮಕ್ಕಳು ಇಷ್ಟೊತ್ತಿಗೆ ಪದವಿ ಮುಗಿಸಿದ್ದಾರೆ. ಹುಡುಗಿಯರಲ್ಲಿ ಕೆಲವರಿಗೆ ಮದುವೆಯೂ ಆಗಿದೆ. ಟ್ಯಾಬ್ ಮಾತ್ರ ತವರಲ್ಲೇ ಉಳಿದು ತಮ್ಮನ ಕೈಗೋ ತಂಗಿಯ ಕೈಗೋ ಬಂದಿದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆ ನಾನು ಓಡಾಡುವ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಇಂಥ ಟ್ಯಾಬ್‌ಗಳೇ. ಉಳಿದವು ಕಂತಿನ ಮೇಲೆ ತಂದವು. ಹೆಚ್ಚಿನವುಗಳ ವಾರಂಟಿ ಮುಗಿದಿದೆ. ಮುಗಿಯದಿದ್ದರೂ, ಬಿದ್ದು ಒಡೆದ ಗಾಜನ್ನು ಮಾಮೂಲಿ ವಾರಂಟಿ ಭರಿಸುವುದಿಲ್ಲ.

ಇಂಥದೊಂದು ಟ್ಯಾಬ್ ಅಫಜಲಪುರ ತಾಲ್ಲೂಕಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿದೆ. ಮಗಳಿಗೆ ಕಾಲೇಜಿನಲ್ಲಿ ಬಂದದ್ದು, ಈಗ ಪಿಯುಸಿ ಓದುವ ಮಗನ ಹತ್ತಿರ ಇದೆ. ಒಂದು ಮೂಲೆಯಿಂದ ಜೇಡರ ಬಲೆಯ ಹಾಗೆ ಬಿರುಕು ಹಬ್ಬಿ, ಕೆಳಗಿನ ಅರ್ಧಕ್ಕೆ ಬೆರಳು ಮುಟ್ಟಿದರೆ ಏನೂ ಆಗುತ್ತಿರಲಿಲ್ಲ. ಊರ ಹತ್ತಿರದ ಅಂಗಡಿಯಲ್ಲಿ ಕೇಳಿದರೆ ‘ಪೂರಾ ಫೋಲ್ಡರ್ ಹಾಕಬೇಕ್ರಿ, 4,200 ಆತದ’ ಎಂದರಂತೆ. ಅಕ್ಕ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: ‘ಇಷ್ಟು ರೊಕ್ಕ ಹಾಕ್ಲ್ಯೋ, ಹೊಸಾದು ಕಂತಿನ ಮ್ಯಾಲ ತರ್ಲ್ಯೋ?’

ಈ ಎರಡೂ ಬೇಡ ಎಂದು ನಾನು ಹೇಳಿದೆ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಇದೇ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಏಳುತ್ತದೆ, ಎಷ್ಟೋ ಮನೆಗಳು ತಾವು ಕೊಡಬೇಕಾಗಿಲ್ಲದ ದುಡ್ಡು ಕೊಡುತ್ತವೆ.

ಟ್ಯಾಬಿನ ಮುಖದಲ್ಲಿ ಇರುವುದು ಒಂದೇ ಗಾಜಲ್ಲ. ಮೇಲೆ ಹೊರಗಾಜು, ಅದರ ಬೆನ್ನಿಗೆ ಬೆರಳಿನ ಸ್ಪರ್ಶ ಗುರುತಿಸುವ ತೆಳು ಪದರ. ಇವೆರಡೂ ಕೂಡಿದ್ದನ್ನು ಅಂಗಡಿಯವರು ‘ಟಚ್’ ಎನ್ನುತ್ತಾರೆ. ಅದರ ಕೆಳಗೆ ಚಿತ್ರ ಮೂಡುವ ಡಿಸ್ಪ್ಲೇ. ಟಚ್ಚು, ಡಿಸ್ಪ್ಲೇ ಎರಡನ್ನೂ ಸೇರಿಸಿ ಮಾರುವುದೇ ‘ಫೋಲ್ಡರ್’ ಅಥವಾ ‘ಕಾಂಬೋ’. ಕಡಿಮೆ ಬೆಲೆಯ ಬಹಳಷ್ಟು ಟ್ಯಾಬ್‌ಗಳಲ್ಲಿ ಟಚ್ಚಿಗೂ ಡಿಸ್ಪ್ಲೇಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟಿರುತ್ತಾರೆ. ಅಂಥವುಗಳಲ್ಲಿ ಟಚ್ಚನ್ನಷ್ಟೇ ಬಿಚ್ಚಿ ಬೇರೆಯದು ಕೂರಿಸಬಹುದು. ಹತ್ತನೇ ಪೀಳಿಗೆಯವರೆಗಿನ ಸಾಧಾರಣ ಐಪ್ಯಾಡ್‌ಗಳೂ ಹೀಗೇ ಇವೆ. ಹೆಚ್ಚು ಬೆಲೆಯವುಗಳಲ್ಲಿ ಎರಡನ್ನೂ ಅಂಟಿಸಿಬಿಟ್ಟಿರುತ್ತಾರೆ. ಅವನ್ನು ಬೇರ್ಪಡಿಸಲು ಯಂತ್ರ ಬೇಕು, ಪಳಗಿದ ಕೈ ಬೇಕು. ಇಲ್ಲವೆಂದರೆ ಫೋಲ್ಡರೇ ಗತಿ. ಗುರುತು ಹಿಡಿಯುವುದು ಕಷ್ಟವಲ್ಲ. ಟ್ಯಾಬನ್ನು ಓರೆಯಾಗಿ ಹಿಡಿದು ನೋಡಿ. ಚಿತ್ರ ಗಾಜಿನ ಕೆಳಗೆ ಸ್ವಲ್ಪ ಆಳದಲ್ಲಿ ಇದ್ದಂತೆ ಕಂಡರೆ ಬಿಡಿ ಟಚ್. ಗಾಜಿನ ಮೇಲೇ ಅಚ್ಚು ಹಾಕಿದಂತೆ ಕಂಡರೆ ಅಂಟಿಸಿದ್ದು.

ಯಾವ ಪದರ ಒಡೆದಿದೆ ಎಂಬುದನ್ನು ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ತಿಳಿದುಕೊಳ್ಳಬಹುದು. ಪೂರ್ತಿ ಬಿಳಿಯಾದ ಒಂದು ಚಿತ್ರ ತೆರೆಯಿರಿ. ಶಾಯಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆ, ಬಣ್ಣದ ಗೆರೆಗಳು ಕಂಡರೆ ಡಿಸ್ಪ್ಲೇ ಹೋಗಿದೆ. ಚಿತ್ರ ಸ್ವಚ್ಛವಾಗಿದ್ದು ಮೇಲೆ ಬಿರುಕಷ್ಟೇ ಇದ್ದರೆ ಡಿಸ್ಪ್ಲೇ ಉಳಿದಿದೆ. ಆಮೇಲೆ ಯಾವುದಾದರೂ ಆ್ಯಪಿನ ಗುರುತನ್ನು ಬೆರಳಲ್ಲಿ ಒತ್ತಿ ಹಿಡಿದು, ಪರದೆಯ ತುಂಬ ಉಳುಮೆ ಸಾಲಿನಂತೆ ಆ ತುದಿಯಿಂದ ಈ ತುದಿಗೆ ಎಳೆಯಿರಿ. ಎಲ್ಲಿ ಕೈ ತಪ್ಪಿ ನಿಲ್ಲುತ್ತದೋ ಅಲ್ಲಿ ಟಚ್ ಸತ್ತಿದೆ. ಎಲ್ಲೂ ನಿಲ್ಲದಿದ್ದರೆ ಒಡೆದದ್ದು ಹೊರಗಾಜು ಮಾತ್ರ; ಸದ್ಯಕ್ಕೆ ಏನೂ ಬದಲಿಸಬೇಕಾಗಿಲ್ಲ.

ಅಕ್ಕನ ಮಗ ಇದನ್ನೆಲ್ಲ ವಿಡಿಯೋ ಕಾಲ್‌ನಲ್ಲೇ ಮಾಡಿ ತೋರಿಸಿದ. ‘ಚಿತ್ರ ಛಲೋ ಅದ ಚಿಗವ್ವಾ, ಕೆಳಗಷ್ಟೇ ಬೆರಳು ಹಿಡ್ಯಂಗಿಲ್ಲ’ ಎಂದ. ಅಂದಮೇಲೆ ಬೇಕಾದದ್ದು ಟಚ್ ಮಾತ್ರ. ಹಾಗಿದ್ದೂ ಅಂಗಡಿಯವರು ಫೋಲ್ಡರ್ ಎಂದದ್ದಕ್ಕೆ ಕಾರಣವಿದೆ, ಅದನ್ನು ಮೋಸ ಎನ್ನಲಾರೆ. ತಾಲ್ಲೂಕಿನ ಅಂಗಡಿಗೆ ಬರುವುದೆಲ್ಲ ಮೊಬೈಲ್, ಟ್ಯಾಬ್ ಅಪರೂಪ. ಟಚ್ ಬಿಚ್ಚುವಾಗ ಕೆಳಗಿನ ಡಿಸ್ಪ್ಲೇ ಒಡೆದರೆ ಅದರ ದುಡ್ಡು ಅವರ ಮೈಮೇಲೆ ಬರುತ್ತದೆ. ಫೋಲ್ಡರ್ ಹಾಕಿದರೆ ಆ ಭಯವಿಲ್ಲ. ಹಾಗಾಗಿ ನಾವೇ ಕೇಳಬೇಕು: ‘ಬರೀ ಟಚ್ ಹಾಕ್ತೀರೇನ್ರಿ? ಬಿಚ್ಚುವಾಗ ಡಿಸ್ಪ್ಲೇಗೆ ಏನಾದ್ರೂ ಆದ್ರ ಯಾರ ಜವಾಬ್ದಾರಿ?’ ಎರಡನೆಯ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವವರಿಗೇ ಕೆಲಸ ಕೊಡಿ.

ಕಲಬುರಗಿಯ ಒಬ್ಬ ರಿಪೇರಿಯವರು ಟಚ್ಚಿಗೆ 1,300, ಮಜೂರಿ 300, ಒಟ್ಟು 1,600 ರೂಪಾಯಿ ಎಂದರು. ನಮ್ಮ ಭಾಗದಲ್ಲಿ ಈ ವ್ಯತ್ಯಾಸದ ತೂಕ ತಿಳಿಯಬೇಕಾದರೆ ಕೂಲಿಯಲ್ಲಿ ಅಳೆಯಬೇಕು. 2025-26ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಫೋಲ್ಡರ್ ಎಂದರೆ ಹನ್ನೊಂದು ದಿನದ ದುಡಿಮೆ ಮೀರುತ್ತದೆ. ಟಚ್ ಎಂದರೆ ನಾಲ್ಕೂವರೆ ದಿನದ ಒಳಗೆ ಮುಗಿಯುತ್ತದೆ.

ಆದರೂ ನಾನು ತಕ್ಷಣ ಹೂಂ ಎನ್ನಲಿಲ್ಲ. ರಿಪೇರಿಯ ಖರ್ಚನ್ನು ಹೊಸ ಟ್ಯಾಬಿನ ಬೆಲೆಯೊಂದಿಗೆ ಹೋಲಿಸುವುದು ನಮ್ಮ ರೂಢಿ. ಹೊಸದರ ಮುಂದೆ ಯಾವ ರಿಪೇರಿಯೂ ಅಗ್ಗವಾಗಿಯೇ ಕಾಣುತ್ತದೆ. ಹೋಲಿಸಬೇಕಾದದ್ದು ಅದೇ ಮಾದರಿಯ, ಅಷ್ಟೇ ಹಳೆಯ, ಗಾಜು ನೆಟ್ಟಗಿರುವ ಸೆಕೆಂಡ್ ಹ್ಯಾಂಡ್ ಟ್ಯಾಬಿನ ಬೆಲೆಯೊಂದಿಗೆ. ಅಂಥದ್ದು ಕಲಬುರಗಿಯಲ್ಲಿ 4,000ದ ಆಸುಪಾಸು ಸಿಗುತ್ತಿತ್ತು. ಅದರ ಅರ್ಧಕ್ಕಿಂತ ಹೆಚ್ಚು, ಅಂದರೆ 2,000 ದಾಟಿ ನಾನು ಹಾಕಲಾರೆ. ಯಾಕೆಂದರೆ ಗಾಜು ಹೊಸದಾದರೂ ಒಳಗಿನ ಬ್ಯಾಟರಿ ಹಳೆಯದೇ, ಆ್ಯಂಡ್ರಾಯ್ಡೂ ಹಳೆಯದೇ. ಇನ್ನು ಒಂದೆರಡು ವರ್ಷ ಅದು ಪಾಠದ ವಿಡಿಯೋ, ಪಿಡಿಎಫ್, ಪರೀಕ್ಷೆಯ ಅರ್ಜಿ ಇಷ್ಟನ್ನು ತೋರಿಸಿದರೆ ಸಾಕು. ಆ ಕೆಲಸಕ್ಕೆ 1,600 ಸರಿ. 4,200 ಆಗಿದ್ದರೆ ಬೇಡವೇ ಬೇಡ.

ಕಂತಿನ ಹೊಸ ಟ್ಯಾಬ್ ಯಾಕೆ ಬೇಡ? ‘ಬಡ್ಡಿಯಿಲ್ಲದ ಕಂತು’ ಎಂಬ ಮಾತನ್ನು ನಂಬಿ ಸಹಿ ಹಾಕಿದವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಎಲ್ಲೋ ಒಂದು ಕಡೆ ಸೇರಿರುತ್ತದೆ: ಬಿಟ್ಟುಕೊಟ್ಟ ರಿಯಾಯಿತಿಯಲ್ಲೋ, ಪ್ರೊಸೆಸಿಂಗ್ ಶುಲ್ಕದಲ್ಲೋ. ಕಂತು ತಿಂಗಳಿಗೊಮ್ಮೆ ಬರುತ್ತದೆ, ನಮ್ಮ ಕಡೆ ದುಡ್ಡು ಹಾಗೆ ಬರುವುದಿಲ್ಲ. ತೊಗರಿಯ ರಾಶಿ ಆಗುವುದು ಡಿಸೆಂಬರ್, ಜನವರಿಯಲ್ಲಿ. ಭೂಸನೂರು, ಹವಳಗಾ ಕಾರ್ಖಾನೆಗಳಿಗೆ ಕಬ್ಬು ಕಳಿಸುವವರಿಗೆ ಬಿಲ್ ಬಂದಾಗ ದುಡ್ಡು. ಆಗಸ್ಟ್‌ನಲ್ಲಿ ಖಾತೆ ಖಾಲಿ ಇದ್ದು ಕಂತು ತಪ್ಪಿದರೆ ಸಾಲ ಕೊಟ್ಟವರ ದಂಡ ಬೇರೆ, ಬ್ಯಾಂಕಿನ ದಂಡ ಬೇರೆ. ಮಳೆಗಾಲದಲ್ಲಿ ಗಾಜು ಒಡೆದರೆ ರಾಶಿಯವರೆಗೆ ಹೇಗಾದರೂ ದೂಡುವುದೇ ಜಾಣತನ. ದೂಡುವ ದಾರಿಗಳೂ ಇವೆ.

ಜೇವರ್ಗಿಯಲ್ಲಿರುವ ನಮ್ಮಣ್ಣನ ಮನೆಯಲ್ಲಿ ಹಾಗೇ ಮಾಡಿದ್ದಾರೆ. ಅವರ ಟ್ಯಾಬಿನ ಟಚ್ ಪೂರ್ತಿ ಸತ್ತಿದೆ, ಡಿಸ್ಪ್ಲೇ ಚೆನ್ನಾಗಿದೆ. ಚಾರ್ಜಿಂಗ್ ತೂತಿಗೆ ಮೌಸ್ ಜೋಡಿಸುವ ಪುಟ್ಟ ಕೊಂಡಿಯೊಂದನ್ನು (ಒಟಿಜಿ) ತಂದು, ಮನೆಯಲ್ಲಿದ್ದ ಹಳೆಯ ವೈರಿನ ಮೌಸ್ ಹಚ್ಚಿದರು. ಪರದೆಯ ಮೇಲೆ ಬಾಣದ ಗುರುತು ಬಂತು, ಎಲ್ಲ ಕೆಲಸವೂ ನಡೆಯುತ್ತಿದೆ. ಒಟಿಜಿಗೆ ನೂರಿನ್ನೂರು ರೂಪಾಯಿ. ತರುವ ಮೊದಲು ಎರಡು ಸಂಗತಿ ಗಮನಿಸಿ. ಬ್ಲೂಟೂತ್ ಮೌಸ್ ತರಬೇಡಿ. ಅದನ್ನು ಜೋಡಿಸುವುದಕ್ಕೇ ಮೊದಲು ಟಚ್ ಬೇಕಾಗುತ್ತದೆ. ಇನ್ನೊಂದು, ಮೌಸ್ ಚಾರ್ಜಿಂಗ್ ತೂತಿನಲ್ಲೇ ಕೂರುವುದರಿಂದ ಎರಡೂ ಒಟ್ಟಿಗೆ ಆಗುವುದಿಲ್ಲ. ರಾತ್ರಿ ಚಾರ್ಜ್ ಮಾಡಿ ಹಗಲು ಬಳಸುತ್ತಾರೆ. ಅಣ್ಣನ ಮಗಳಿಗೆ ಅದು ಈಗ ಮೇಜಿನ ಮೇಲೆ ಒರಗಿಸಿಟ್ಟ ಪುಟ್ಟ ಟಿವಿ. ಪಾಠ ಕೇಳುತ್ತ ನೋಟ್ಸ್ ಬರೆಯಲು ಕೈ ಎರಡೂ ಖಾಲಿ. ರಿಪೇರಿಗೆ ಕೊಡುವವರಿಗೂ ಮೌಸ್ ಉಪಯೋಗಕ್ಕೆ ಬರುತ್ತದೆ: ಟಚ್ ಸತ್ತಿದ್ದರೂ ಫೋಟೋ, ದಾಖಲೆಗಳನ್ನು ಬೇರೆಡೆಗೆ ಸಾಗಿಸಿ, ಯುಪಿಐ ಆ್ಯಪ್‌ಗಳಿಂದ ಹೊರಬಂದು ಕೊಡಬಹುದು. ಸಿಮ್, ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳುವುದಂತೂ ಖಂಡಿತ.

ಹೊರಗಾಜು ಮಾತ್ರ ಒಡೆದಿದ್ದರೆ ಮೇಲೊಂದು ಟೆಂಪರ್ಡ್ ಗ್ಲಾಸ್ ಹಾಕಿಸಿ. ಅಳತೆಯದು ಸಿಗದಿದ್ದರೆ ಅಗಲವಾದ ಪಾರದರ್ಶಕ ಟೇಪ್ ಅಂಟಿಸಿ. ಬಿರುಕು ಹೋಗುವುದಿಲ್ಲ, ಆದರೆ ಗಾಜಿನ ಪುಡಿ ಬೆರಳಿಗೆ ಚುಚ್ಚುವುದು ನಿಲ್ಲುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಅದೇ ದಿನ ಮಾಡಬೇಕು. ಟೂತ್‌ಪೇಸ್ಟ್ ತಿಕ್ಕುವುದು, ಫೆವಿಕ್ವಿಕ್ ಬಿಡುವುದು ಬೇಡ. ಪೇಸ್ಟು ಬಿರುಕು ಮುಚ್ಚುವುದಿಲ್ಲ. ಅಂಟು ಒಳಗಿಳಿದರೆ ಉಳಿದಿದ್ದ ಡಿಸ್ಪ್ಲೇಯೂ ಕೆಡುತ್ತದೆ. ಬೀಳದೆಯೇ ಗಾಜು ಅಂಚಿನಲ್ಲಿ ಮೇಲೆದ್ದಿದ್ದರೆ ಮಾತ್ರ ಇದಾವುದೂ ಮಾಡದೆ ಚಾರ್ಜ್ ಹಾಕುವುದನ್ನು ನಿಲ್ಲಿಸಿ, ಒತ್ತಬೇಡಿ. ಹೆಚ್ಚಾಗಿ ಒಳಗಿನ ಬ್ಯಾಟರಿ ಊದಿಕೊಂಡಿರುತ್ತದೆ, ಅದು ಬೆಂಕಿ ಹಿಡಿಯಬಹುದು. ಕಲಬುರಗಿಯ ಬಿಸಿಲಿನಲ್ಲಿ ಗಾಡಿಯ ಡಿಕ್ಕಿಯೊಳಗೆ ಟ್ಯಾಬ್ ಇಡುವವರು ಇದನ್ನು ನೆನಪಿಡಬೇಕು.

ಅಕ್ಕನ ಟ್ಯಾಬ್ ಕಲಬುರಗಿಗೆ ಹೋದದ್ದು ಅಕ್ಕನ ಚೀಲದಲ್ಲೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಟಿಕೆಟ್ ಉಚಿತ. ಅಫಜಲಪುರದಿಂದ ಕಲಬುರಗಿ ಹತ್ತಿರವೇನಲ್ಲ. ಮಗ ಹೋಗಿದ್ದರೆ ಹೋಗಿಬರುವ ಖರ್ಚೂ ಸೇರುತ್ತಿತ್ತು. ಆದರೆ ಟಿಕೆಟ್ ಉಚಿತವಾದರೂ ದಿನ ಉಚಿತವಲ್ಲ, ಕಳೆ ತೆಗೆಯುವ ಕಾಲದಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೇ ಮೊದಲು ಹಿಂಬದಿಯ ಸಣ್ಣ ಅಕ್ಷರದಲ್ಲಿರುವ ಮಾದರಿ ಸಂಖ್ಯೆಯ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಪಾರ್ಟ್ ಬಂದಿದೆ ಎಂದ ಮೇಲೆ ಬಸ್ ಹತ್ತುವುದು ಒಳ್ಳೆಯದು. ಸಂಖ್ಯೆಯಲ್ಲಿ ಒಂದು ಅಂಕಿಯೂ ತಪ್ಪಬಾರದು. ಸ್ಯಾಮ್ಸಂಗ್‌ನ ಎ7 ಲೈಟ್‌ನಲ್ಲಿ ವೈಫೈ ಮಾತ್ರ ಇರುವುದು ಟಿ220, ಸಿಮ್ ಹಾಕುವುದು ಟಿ225. ಹೆಸರು ಒಂದೇ ಎಂದು ಪಾರ್ಟೂ ಒಂದೇ ಎಂದುಕೊಳ್ಳಬೇಡಿ. ಹೆಸರಿಲ್ಲದ ಕಂಪನಿಯ ಟ್ಯಾಬ್ ಆದರೆ ಬಿಚ್ಚಿದ ಮೇಲೆ ಟಚ್ಚಿನ ಪಟ್ಟಿಯ ಮೇಲೆ ಮುದ್ರಿಸಿದ ಸಂಖ್ಯೆಯನ್ನೇ ಹೊಂದಿಸಬೇಕಾಗುತ್ತದೆ. ಆಳಂದದ ನಮ್ಮವರು ಎಷ್ಟೋ ಕೆಲಸಕ್ಕೆ ಮಹಾರಾಷ್ಟ್ರದ ಉಮರ್ಗಾ, ಸೊಲ್ಲಾಪುರಕ್ಕೆ ಹೋಗುತ್ತಾರೆ. ರಿಪೇರಿಗೆ ನಾನು ಕಲಬುರಗಿಯನ್ನೇ ಹೇಳುತ್ತೇನೆ, ಯಾಕೆಂದರೆ ಗ್ಯಾರಂಟಿಗಾಗಿ ಇನ್ನೊಮ್ಮೆ ಹೋಗಬೇಕಾದೀತು.

ಹಾಗೇ ಆಯಿತು ಕೂಡ. ಹೊಸ ಟಚ್ ಹಾಕಿಸಿದ ಕೆಲವೇ ದಿನಕ್ಕೆ ಬೆರಳಿಡದೆಯೇ ಆ್ಯಪ್‌ಗಳು ತಾವೇ ತೆರೆಯತೊಡಗಿದವು. ಅಂಗಡಿಯವರು ಮೊದಲು ಒಪ್ಪಲಿಲ್ಲ. ಅಕ್ಕನ ಹತ್ತಿರ ಬಿಲ್ ಇತ್ತು: ತಾರೀಖು, ಮಾದರಿ ಸಂಖ್ಯೆ, ‘ಟಚ್ 1,300’, ‘ಗ್ಯಾರಂಟಿ 3 ತಿಂಗಳು’. ಅದನ್ನು ತೋರಿಸಿದ ಮೇಲೆ ಬೇರೆ ಟಚ್ ಹಾಕಿಕೊಟ್ಟರು. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡುವುದೆಂದು ನಿರ್ಧರಿಸಿದ್ದೆವು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಬಿಲ್ ಇಲ್ಲದವರಿಗೆ ಈ ದಾರಿಗಳೆಲ್ಲ ಕಷ್ಟ. ಬಿಲ್ ಕೇಳಲು ನಾಚುವ ಹೆಣ್ಣುಮಕ್ಕಳಿಗೆ ನಾನು ಕೈಮುಗಿದು ಹೇಳುವುದು ಇದನ್ನೇ: ಚೀಟಿಯ ಮೇಲಾದರೂ ಬರೆಸಿಕೊಳ್ಳಿ. ದುಡ್ಡು ಕೊಡುವ ಮೊದಲು ಅಲ್ಲೇ ಕೂತು ಆ್ಯಪ್ ಎಳೆಯುವ ಪರೀಕ್ಷೆ ಮಾಡಿ, ಚಾರ್ಜರ್ ಹಚ್ಚಿ ನೋಡಿ, ಕ್ಯಾಮೆರಾ, ಸ್ಪೀಕರ್ ನೋಡಿ.

ಟ್ಯಾಬ್ ಅಂಗಡಿಯಲ್ಲಿದ್ದಾಗ ಮಗ ಗ್ರಾಮ ಪಂಚಾಯ್ತಿಯ ಗ್ರಂಥಾಲಯಕ್ಕೆ ಹೋಗುತ್ತಿದ್ದ. ಅವನ್ನೀಗ ಅರಿವು ಕೇಂದ್ರ ಎನ್ನುತ್ತಾರೆ. ಹಲವು ಕಡೆ ಕಂಪ್ಯೂಟರ್ ಇವೆ, ಮಕ್ಕಳು ದುಡ್ಡು ಕೊಡಬೇಕಾಗಿಲ್ಲ. ಡಿಸ್ಪ್ಲೇಯೇ ಹೋಗಿ ರಿಪೇರಿ ಗಿಟ್ಟದ ಮನೆಯವರು ಹೊಸದಕ್ಕೆ ಆತುರಪಡುವ ಮುಂಚೆ ತಮ್ಮೂರಿನ ಅರಿವು ಕೇಂದ್ರ ಹೇಗಿದೆ ಎಂದು ನೋಡಿಬರಲಿ. ಸತ್ತ ಟ್ಯಾಬನ್ನು ತಿಪ್ಪೆಗೆ ಎಸೆಯಬೇಡಿ, ರಿಪೇರಿಯವರು ಬೋರ್ಡಿಗೆ, ಕ್ಯಾಮೆರಾಗೆ ಅಷ್ಟಿಷ್ಟು ಕೊಟ್ಟು ತೆಗೆದುಕೊಳ್ಳುತ್ತಾರೆ.

ಕೊನೆಗೆ ಒಂದು ಕೋರಿಕೆ. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಬರೀ ಟಚ್ ಬಿಚ್ಚಿ ಹಾಕುವ ಧೈರ್ಯವಿರುವವರು ಇನ್ನಷ್ಟು ಬೇಕು. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಮೊಬೈಲ್ ರಿಪೇರಿಯನ್ನು ಉಚಿತವಾಗಿ ಕಲಿಸುತ್ತವೆ. ಅಲ್ಲಿ ಕಲಿಸುವವರು ಟ್ಯಾಬನ್ನೂ ಸೇರಿಸಿಕೊಳ್ಳಲಿ, ನಮ್ಮ ಹುಡುಗ ಹುಡುಗಿಯರು ಸೇರಿಕೊಳ್ಳಲಿ. 2021ರಲ್ಲಿ ಟ್ಯಾಬ್ ಹಂಚಿದ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳಲ್ಲೇ ಕೆಲಸವಿಲ್ಲದೆ ಕೂತವರಿದ್ದಾರೆ. ಅವರ ಊರಿನ ಮನೆಮನೆಯಲ್ಲೂ ಬಿರುಕು ಬಿಟ್ಟ ಗಾಜುಗಳು ಅವರಿಗಾಗಿ ಕಾದಿವೆ.