ಎರಡು ವರ್ಷದ ‘ಗ್ಯಾಪ್’ ಮುಚ್ಚಿಡಬೇಕೇ?

ಪ್ರಶ್ನೆ: ನಮ್ಮ ತಂದೆಗೆ ಪೀಣ್ಯ ಎರಡನೇ ಹಂತದಲ್ಲಿ ಸಣ್ಣದೊಂದು ಮಷೀನ್ ಶಾಪ್ ಇದೆ, ಜಾಬ್ ವರ್ಕ್ ಮಾಡುತ್ತಾರೆ. ಮನೆ ಅಡವಿಟ್ಟು ನನಗೆ ಪೈಲಟ್ ತರಬೇತಿ ಕೊಡಿಸಿದರು. ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಕೈಗೆ ಬಂದು ಎರಡು ವರ್ಷವಾದರೂ ಕೆಲಸ ಸಿಗಲಿಲ್ಲ. ಸುಮ್ಮನೆ ಕೂರಲಾಗದೆ ಶಾಪಿನಲ್ಲೇ ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತಿದ್ದೇನೆ. ಈಗ ಒಂದು ಏರ್‌ಲೈನಿನ ಲಿಖಿತ ಪರೀಕ್ಷೆ, ಸೈಕೋಮೆಟ್ರಿಕ್ ಟೆಸ್ಟ್ ಎರಡೂ ಪಾಸಾಗಿವೆ. ಜನವರಿ ಮೊದಲ ವಾರ ಗುರುಗ್ರಾಮದಲ್ಲಿ ಇಂಟರ್‌ವ್ಯೂ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು, ಇಂಗ್ಲಿಷ್ ಬರುತ್ತದೆ, ಆದರೆ ಜೊತೆಯವರಂತೆ ಪಟಪಟನೆ ಬರುವುದಿಲ್ಲ. ಏರ್ ರೆಗ್ಯುಲೇಷನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೇನೆ. ವೈಟ್‌ಫೀಲ್ಡಿನ ಕೋಚಿಂಗ್ ಸರ್, “ಲೇಥು, ಗ್ರೀಸು ಅಂತೆಲ್ಲ ಹೇಳಬೇಡ, ಫ್ಯಾಮಿಲಿ ಬಿಸಿನೆಸ್‌ನ ಸ್ಟ್ರಾಟೆಜಿ ನೋಡ್ತಿದ್ದೆ ಅನ್ನು” ಎಂದು ಬಾಯಿಪಾಠ ಮಾಡಿಸುತ್ತಿದ್ದಾರೆ. ಹೇಳಲು ಹೋದಾಗಲೆಲ್ಲ ನಾಲಿಗೆ ತೊದಲುತ್ತದೆ. ಇದರ ಮಧ್ಯೆ ಕಳೆದ ವಾರ ನಮ್ಮ ಹಿರಿಯ ಆಪರೇಟರ್ ಅಂಕಲ್ ಜೊತೆ ಜಗಳವಾಯಿತು. ಒಂದು ಲಾಟ್‌ನ ಬೋರ್ 15 ಮೈಕ್ರಾನ್ ಜಾಸ್ತಿ ಬಂದಿತ್ತು. “ಇಷ್ಟೆಲ್ಲ ನಡೆಯುತ್ತೆ ಬಿಡಮ್ಮ” ಅಂದರು. ನಾನು ರಿಪೋರ್ಟಿಗೆ ಸಹಿ ಹಾಕಲಿಲ್ಲ. ಈಗ ಅವರು ಮಾತಾಡುತ್ತಿಲ್ಲ. ಮನಸ್ಸು ಎಲ್ಲೂ ನಿಲ್ಲುತ್ತಿಲ್ಲ, ಏನು ಮಾಡಲಿ?
– ಹೆಸರು ಬೇಡ, ಪೀಣ್ಯ

ಉತ್ತರ: ಇಂಟರ್‌ವ್ಯೂಗೆ ಬೇಕಾದ ಉತ್ತರವನ್ನು ನೀವೇ ಪತ್ರದ ಕೊನೆಯಲ್ಲಿ, ಬೇಸರದ ವಿಷಯವೆಂದು ಬರೆದು ಬಿಟ್ಟಿದ್ದೀರಿ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದೆಂದರೆ ಇದೇ.

“ನಿಮಗಿಂತ ಹಿರಿಯರು ತಪ್ಪು ಮಾಡುತ್ತಿದ್ದಾರೆ ಅನ್ನಿಸಿದಾಗ ಏನು ಮಾಡಿದಿರಿ?” ಯಾವ ಏರ್‌ಲೈನಿನ ಪ್ಯಾನೆಲ್ ಆದರೂ ಈ ಪ್ರಶ್ನೆಯನ್ನು ಒಂದಲ್ಲ ಒಂದು ರೂಪದಲ್ಲಿ ಕೇಳುತ್ತದೆ. ಯಾಕೆ ಕೇಳುತ್ತಾರೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8 ಮಂದಿ. ವಿಮಾನ ಇಳಿಯುವಾಗ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. 8,000 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಅದಕ್ಕೂ ಮೊದಲೇ ಫಸ್ಟ್ ಆಫೀಸರ್ ‘ಗೋ ಅರೌಂಡ್’, ಅಂದರೆ ಇಳಿಸದೆ ಮತ್ತೆ ಮೇಲೇರಿಸಿ, ಎಂದು ಮೂರು ಸಲ ಹೇಳಿದ್ದರು. ಎಚ್ಚರಿಕೆಯ ಯಂತ್ರವೂ ಕೂಗುತ್ತಿತ್ತು. ಕ್ಯಾಪ್ಟನ್ ಇಳಿಸುವುದನ್ನು ನಿಲ್ಲಿಸಲಿಲ್ಲ. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖೆ ಇದನ್ನೇ ಮುಖ್ಯ ಕಾರಣವೆಂದು ಹೇಳಿತು. ಆ ವರದಿಯನ್ನು ಇಂಟರ್‌ವ್ಯೂಗೆ ಮುಂಚೆ ಪೂರ್ತಿ ಓದಿ. ಕನ್ನಡನಾಡಿನಿಂದ ಹೋಗುವ ಪೈಲಟ್‌ಗೆ ಅದು ಗೊತ್ತಿಲ್ಲವೆಂದರೆ ನನಗಂತೂ ಸರಿಕಾಣದು.

ಈಗ ನಿಮ್ಮ ಬೆಂಚಿಗೆ ಬನ್ನಿ. ಡ್ರಾಯಿಂಗಿನಲ್ಲಿ ಇರುವ ಅಳತೆ ಒಂದು, ಬೋರ್ ಗೇಜ್ ತೋರಿಸಿದ್ದು ಇನ್ನೊಂದು. ಎದುರಿಗೆ ನಿಂತವರು ನೀವು ಲಂಗ ಹಾಕಿಕೊಂಡು ಶಾಪಿಗೆ ಬರುತ್ತಿದ್ದ ಕಾಲದಿಂದ ನೋಡಿದವರು. ಲಾಟ್ ಹೋಗದಿದ್ದರೆ ನಷ್ಟ ನಿಮ್ಮಪ್ಪನಿಗೇ. ಆದರೂ ಸಹಿ ಹಾಕಲಿಲ್ಲ. ಇದನ್ನು ‘ಸ್ಟ್ರಾಟೆಜಿ’ ಎಂಬ ಪೊಳ್ಳು ಮಾತಿನ ಕೆಳಗೆ ಹೂತುಹಾಕಲು ಹೇಳಿಕೊಡುವವರಿಗೆ ಫೀಸು ಬೇರೆ ಕೊಡುತ್ತಿದ್ದೀರಿ!

ಹೇಳುವಾಗ ಮಾತ್ರ ವೀರಗಾಥೆ ಬೇಡ. ಅಳತೆ ಎಷ್ಟಿತ್ತು, ಇನ್ನೊಮ್ಮೆ ಅಳೆದು ನೋಡಿದಿರಾ, ಯಾರಿಗೆ ಏನು ಹೇಳಿದಿರಿ, ಆಮೇಲೆ ಲಾಟ್ ಏನಾಯಿತು, ಇಷ್ಟು ಸಾಕು. ಇದಾದ ಮೇಲೆ ಅವರು ಖಂಡಿತ ಇನ್ನೊಂದು ಪ್ರಶ್ನೆ ಹಾಕುತ್ತಾರೆ: “ಮರುದಿನ ಅವರ ಜೊತೆ ಹೇಗಿದ್ದಿರಿ?” ಕಾಕ್‌ಪಿಟ್ಟಿನಲ್ಲಿ ಬೆಳಗ್ಗೆ ಮನಸ್ತಾಪವಾದವರ ಪಕ್ಕದಲ್ಲೇ ಸಂಜೆಯವರೆಗೆ ಕೂತು ಹಾರಬೇಕು. ಸದ್ಯ ನಿಮ್ಮ ಹತ್ತಿರ ಈ ಪ್ರಶ್ನೆಗೆ ಉತ್ತರವಿಲ್ಲ. ಆದ್ದರಿಂದ ನಾಳೆಯೇ ಅಂಕಲ್ ಹತ್ತಿರ ಹೋಗಿ, “ಅಳತೆ ವಿಷಯದಲ್ಲಿ ನಾನು ಹೇಳಿದ್ದು ಸರಿ, ಎಲ್ಲರ ಮುಂದೆ ಹೇಳಿದ್ದು ಬೇಜಾರಾಗಿದ್ದರೆ ಕ್ಷಮಿಸಿ” ಎಂದು ಮಾತಾಡಿಸಿ. ಟೂಲ್ ಸವೆದಿತ್ತೋ, ಆಫ್‌ಸೆಟ್ ತಪ್ಪಿತ್ತೋ ಅವರಿಂದಲೇ ಕೇಳಿ ತಿಳಿಯಿರಿ. ಇಂಟರ್‌ವ್ಯೂ ಇರಲಿ ಬಿಡಲಿ, ಇದು ಆಗಬೇಕಾದ ಕೆಲಸ.

ಎರಡು ಸಲ ಫೇಲಾಗಿದ್ದನ್ನು ಮುಚ್ಚಿಡುವ ಯೋಚನೆಯನ್ನೇ ಬಿಟ್ಟುಬಿಡಿ. ಕೇಳಿದರೆ ಒಂದೇ ವಾಕ್ಯದಲ್ಲಿ ಒಪ್ಪಿಕೊಂಡು, ಮೂರನೆಯ ಸಲ ಓದುವ ಕ್ರಮ ಹೇಗೆ ಬದಲಾಯಿಸಿದಿರಿ ಎನ್ನುವುದನ್ನು ಹೇಳಿ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದವರು ಸಿಕ್ಕಿಬಿದ್ದು ಡಿಜಿಸಿಎ ಕ್ರಮ ಕೈಗೊಂಡ ಮೇಲೆ ಈ ವಲಯದಲ್ಲಿ ಕಾಗದಪತ್ರದ ಬಗ್ಗೆ ಅನುಮಾನ ಹೆಚ್ಚು. ಲಾಗ್‌ಬುಕ್ಕಿನ ಯಾವ ಪುಟವನ್ನಾದರೂ ತೆರೆದು, “ಈ ದಿನ ಎಲ್ಲಿಂದ ಎಲ್ಲಿಗೆ ಹೋಗಿದ್ದಿರಿ, ಹವಾಮಾನ ಹೇಗಿತ್ತು?” ಎಂದು ಕೇಳಿಯಾರು. ಹಾರದೆ ಬರೀ ಪೆನ್ನಿನಲ್ಲಿ ತುಂಬಿಸಿದ ಗಂಟೆಗಳನ್ನು ಪೈಲಟ್‌ಗಳು ‘ಪಾರ್ಕರ್ ಪೆನ್ ಅವರ್ಸ್’ ಎಂದು ಗೇಲಿ ಮಾಡುವುದುಂಟು. ನಿಮ್ಮ 200 ಗಂಟೆಗಳು ನಿಜವಾದವು ತಾನೇ? ಹಾಗಾದರೆ ದಿನಾ ರಾತ್ರಿ ನಾಲ್ಕು ಪುಟ ತಿರುವಿ, ನೆನಪು ತಾನಾಗಿ ಬರುತ್ತದೆ.

ಟೆಕ್ನಿಕಲ್ ಪ್ರಶ್ನೆಗಳಿಗೆ ನಾನು ಹೇಳುವುದೊಂದೇ: ಪುಸ್ತಕದ ಉದಾಹರಣೆ ಬಿಡಿ, ನಮ್ಮೂರಿನ ಅಂಕಿ ಹಾಕಿ ಲೆಕ್ಕ ಮಾಡಿ. ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಆ ಎತ್ತರಕ್ಕೆ ಸ್ಟ್ಯಾಂಡರ್ಡ್ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದೆ ಅನ್ನಿ. 26 ಡಿಗ್ರಿ ಹೆಚ್ಚಾಯಿತು. ಡಿಗ್ರಿಗೆ 120 ಅಡಿಯಂತೆ 3,120 ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್ 6,100 ಅಡಿ ದಾಟುತ್ತದೆ. ದೇವನಹಳ್ಳಿಯಲ್ಲಿ ನಿಂತ ವಿಮಾನಕ್ಕೆ ಸಿಗುವುದು ಊಟಿಗೆ ಸಮೀಪದ ಗಾಳಿ! ಟೇಕಾಫ್‌ಗೆ ರನ್‌ವೇ ಯಾಕೆ ಉದ್ದ ಬೇಕು ಎಂಬುದನ್ನು ಆಮೇಲೆ ಯಾರೂ ವಿವರಿಸಬೇಕಾಗಿಲ್ಲ. ಹಾಗೆಯೇ ಇಳಿಯುವ ಲೆಕ್ಕ. 33,000 ಅಡಿಯಿಂದ ಎಷ್ಟು ದೂರದಲ್ಲಿ ಇಳಿಯಲು ಶುರು ಮಾಡುತ್ತೀರಿ ಎಂದರೆ ಗಡಿಬಿಡಿಯಲ್ಲಿ ಸಾವಿರ ಅಡಿಗೆ ಮೂರರಂತೆ ಗುಣಿಸಿ 99 ಮೈಲಿ ಅಂದುಬಿಡುತ್ತಾರೆ. ನಿಲ್ದಾಣದ ಎತ್ತರ ಕಳೆದರೆ ಉಳಿಯುವುದು 30,000, ಅಂದರೆ 90 ನಾಟಿಕಲ್ ಮೈಲಿ. ಈ ಕಳೆಯುವಿಕೆ ಮರೆಯಲಿಲ್ಲ ಎಂಬುದನ್ನೇ ಅವರು ಗಮನಿಸುತ್ತಾರೆ.

ನಿಮ್ಮನ್ನು ಕರೆದಿರುವ ಏರ್‌ಲೈನ್ ಹಾರಿಸುವುದು ಎ320 ಆಗಿದ್ದರೆ 1990ರ ಫೆಬ್ರುವರಿ 14ರ ಅಪಘಾತವನ್ನೂ ಓದಿಕೊಳ್ಳಿ. ಹಳೆಯ ಎಚ್‌ಎಎಲ್ ನಿಲ್ದಾಣದ ರನ್‌ವೇಗೆ ಮೊದಲೇ ಗಾಲ್ಫ್ ಮೈದಾನದಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನ ಬಿದ್ದು 92 ಜನ ಸತ್ತರು. ಎಂಜಿನ್ ಐಡಲ್‌ನಲ್ಲಿತ್ತು, ವೇಗ ಇಳಿಯುತ್ತಿದ್ದದ್ದು ಹೊತ್ತಿಗೆ ಸರಿಯಾಗಿ ಗಮನಕ್ಕೆ ಬರಲಿಲ್ಲ. ಅಂದಹಾಗೆ, ಎ320 ರೆಕ್ಕೆಯ ಫ್ಲ್ಯಾಪ್ ಟ್ರ್ಯಾಕ್ ಬೀಮ್‌ಗಳನ್ನು ತಯಾರಿಸಿಕೊಟ್ಟ ಡೈನಮ್ಯಾಟಿಕ್ ಕಂಪನಿ ನಿಮ್ಮ ಪೀಣ್ಯದ್ದೇ. ಲೇಥು, ಗ್ರೀಸಿನ ಬಗ್ಗೆ ನಾಚಿಕೆ ಪಡುವ ಮೊದಲು ಇದು ನೆನಪಿರಲಿ.

ಇಂಗ್ಲಿಷ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೇಳುವ ಮಟ್ಟ ಐಸಿಎಒ ಲೆವೆಲ್ 4, ಅದು ಈಗಾಗಲೇ ನಿಮ್ಮ ಕೈಲಿದೆ. ರೇಡಿಯೊದಲ್ಲಿ ಪಟಪಟ ಮಾತಾಡುವವರಿಗಿಂತ ಸ್ಪಷ್ಟವಾಗಿ, ಒಂದೇ ಸಲಕ್ಕೆ ಅರ್ಥವಾಗುವಂತೆ ಹೇಳುವವರೇ ಬೇಕು. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಊಹೆ ಬಿಡಬೇಡಿ. ನಾಲಿಗೆ ತೊದಲುತ್ತಿರುವುದು ಭಾಷೆಯಿಂದಲ್ಲ, ನಿಮ್ಮದಲ್ಲದ ಮಾತನ್ನು ಬಾಯಿಪಾಠ ಮಾಡಿದ್ದರಿಂದ.

ಇನ್ನು ಮನೆ ಸಾಲ. ಅದನ್ನು ಇಂಟರ್‌ವ್ಯೂ ಕೋಣೆಗೆ ಹೊತ್ತುಕೊಂಡು ಹೋಗಬೇಡಿ. “ಅಪ್ಪ ಮನೆ ಅಡವಿಟ್ಟಿದ್ದಾರೆ” ಎಂಬ ಮಾತು ಅಲ್ಲಿ ಕನಿಕರ ಹುಟ್ಟಿಸೀತು, ಕೆಲಸ ಕೊಡಿಸದು. ಆದರೆ ಹೊರಡುವ ಮುನ್ನ ಅಪ್ಪನ ಜೊತೆ ಕೂತು, ಈ ಸಲ ಆಗದಿದ್ದರೆ ಇನ್ನು ಎಷ್ಟು ತಿಂಗಳು ಕಂತು ಕಟ್ಟಬಹುದು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಆಗದಿದ್ದರೂ ಮತ್ತೆ ಅರ್ಜಿ ಹಾಕಲು ಅವಕಾಶ ಇರುತ್ತದೆ, ಬೇರೆ ಏರ್‌ಲೈನುಗಳೂ ಇವೆ. “ಒಳಗೆ ನಮ್ಮವರಿದ್ದಾರೆ, ಇಷ್ಟು ಲಕ್ಷ ಕೊಟ್ಟರೆ ಸೀಟು ಗ್ಯಾರಂಟಿ” ಎನ್ನುವವರು ಈ ಹೊತ್ತಿನಲ್ಲೇ ಫೋನ್ ಮಾಡುವುದು. ಅಪ್ಪನಿಗೂ ಈ ಮಾತು ಹೇಳಿಟ್ಟಿರಿ, ಮಗಳ ವಿಷಯ ಬಂದರೆ ಎಂಥವರೂ ಮೋಸ ಹೋಗುತ್ತಾರೆ.

ಕ್ಲಾಸ್ 1 ಮೆಡಿಕಲ್ ಮತ್ತು ಐಆರ್ (ಇನ್‌ಸ್ಟ್ರುಮೆಂಟ್ ರೇಟಿಂಗ್) ಎರಡೂ ವರ್ಷಕ್ಕೊಮ್ಮೆ ನವೀಕರಿಸಬೇಕಾದವು. ದಿನಾಂಕ ಇವತ್ತೇ ನೋಡಿ. ಗುರುಗ್ರಾಮಕ್ಕೆ ಅದೇ ದಿನದ ಬೆಳಗಿನ ಫ್ಲೈಟ್ ಹಿಡಿಯುವ ಸಾಹಸ ಬೇಡ. ಜನವರಿಯಲ್ಲಿ ದೇವನಹಳ್ಳಿಯಲ್ಲೂ ಮಂಜು, ದೆಹಲಿಯಲ್ಲಿ ಅದಕ್ಕಿಂತ ಹೆಚ್ಚು. ಮಂಜಿನಿಂದ ತಡವಾಯಿತು ಎಂದು ಬೇರೆ ಯಾವ ಕೆಲಸದ ಇಂಟರ್‌ವ್ಯೂನಲ್ಲಾದರೂ ಹೇಳಬಹುದು, ಪೈಲಟ್ ಕೆಲಸದ್ದರಲ್ಲಿ ಹೇಳಿದರೆ ಮೊದಲ ಪ್ರಶ್ನೆಯೇ ಹವಾಮಾನ ವರದಿ ನೋಡಲಿಲ್ಲವೇ ಎಂಬುದಾಗಿರುತ್ತದೆ. ಹಿಂದಿನ ದಿನ ಮಧ್ಯಾಹ್ನವೇ ಹೊರಡಿ.